ಲೋಟದಲ್ಲಿ ಕರಗಿದ ಕಬ್ಬಿಣ

ಶಿರಾಳಕೊಪ್ಪದ ಒಂದು ಕಲ್ಯಾಣಮಂಟಪದಲ್ಲಿ, ತುಂಬಿದ ಸಭೆಯ ಎದುರು, ನನಗೆ ಶಾಲು ಹೊದಿಸಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಲು ಹಿಡಿದು ಇಪ್ಪತ್ತು ವರ್ಷ ಮೇಲಾಗಿತ್ತು. ಅಷ್ಟು ವರ್ಷದಲ್ಲಿ ನನಗೆ ಸಿಕ್ಕ ಮರ್ಯಾದೆ ಎಂದರೆ ಚುನಾವಣಾ ಡ್ಯೂಟಿ ಮತ್ತು ಬಿಸಿಯೂಟದ ಮೊಟ್ಟೆ ಎಣಿಸುವ ಕೆಲಸ. ಹಾಗಾಗಿ ಜರಿಯಂಚಿನ ಶಾಲು ಹೆಗಲ ಮೇಲೆ ಬಿದ್ದಾಗ, ಹೇಳಲೇಬೇಕೆಂದು ಎದ್ದು ನಿಂತಿದ್ದ ಮಾತನ್ನು ನುಂಗಿಕೊಂಡು ಕುಳಿತುಬಿಟ್ಟೆ. ಆ ಮಾತು ಕಬ್ಬಿಣದ ಪರಮಾಣುವಿನ ಕುರಿತದ್ದು. ಅದನ್ನು ನುಂಗಿ ಅರಗಿಸಿಕೊಳ್ಳಲು ನನಗೆ ಆಗಲಿಲ್ಲ.

ನಮ್ಮ ಮನೆ ಶಿರಾಳಕೊಪ್ಪದಲ್ಲಿ. ಯಜಮಾನರಿಗೆ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಮನೆಯಲ್ಲಿ ಅತ್ತೆ ಇದ್ದಾರೆ, ಯಜಮಾನರ ಅಣ್ಣ, ಅಂದರೆ ನನ್ನ ಭಾವನವರೂ ಇದ್ದಾರೆ. ಭಾವನವರು ಸೊಸೈಟಿಯ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಯಾರು ಆಡಿದ ಮಾತನ್ನೂ ಅವರು ಸುಲಭಕ್ಕೆ ನಂಬುವವರಲ್ಲ. ಆದರೆ ಅದೇ ಮಾತನ್ನು ಟೈ ಕಟ್ಟಿದವನೊಬ್ಬ ಮೈಕಿನಲ್ಲಿ ಹೇಳಿದರೆ ನಂಬುತ್ತಾರೆ. ಪರದೆಯ ಮೇಲೆ ಚಿತ್ರವನ್ನೂ ತೋರಿಸಿದರೆ ಮುಗಿಯಿತು, ಮಾರನೇ ದಿನ ಅದನ್ನು ನಮಗೇ ಪಾಠ ಮಾಡುತ್ತಾರೆ. ನಾನು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಸೊರಬ ತಾಲೂಕಿನ ಕುಪ್ಪಗಡ್ಡೆ ಕಡೆಯ ಒಂದು ಹೈಸ್ಕೂಲಿಗೆ ಹೋಗಿ, ಸಂಜೆ ವಾಪಸ್ ಬರುತ್ತೇನೆ.

ಒಂದು ಶನಿವಾರ ಭಾವನವರು ಕರಪತ್ರವೊಂದನ್ನು ಹಿಡಿದು ಬಂದರು. ‘ನೀವು ಕುಡಿಯುವ ನೀರು ಎಷ್ಟು ಶುದ್ಧ? ಕಣ್ಣೆದುರೇ ಪರೀಕ್ಷೆ. ಮನೆಯ ನೀರನ್ನು ಬಾಟಲಿಯಲ್ಲಿ ತನ್ನಿ. ಉಪಾಹಾರದ ವ್ಯವಸ್ಥೆ ಇದೆ’ ಎಂದು ಅದರಲ್ಲಿತ್ತು.

“ನಾಳೆ ನೀನೂ ಬಾರವ್ವ,” ಅಂದರು. “ಸೈನ್ಸ್ ಓದಿದಾಕಿ. ಇಂಗ್ಲಿಷ್ನಾಗೆ ಏನಾರ ಅಂದ್ರೆ ನಮಗೆ ಬಿಡಿಸಿ ಹೇಳಾಕೆ ಒಬ್ರು ಬೇಕು.”

ಭಾನುವಾರ ಹೋದೆವು. ಮೊದಲು ಉಪ್ಪಿಟ್ಟು, ಕೇಸರಿಬಾತು. ಕೇಸರಿಬಾತಿನಲ್ಲಿ ದ್ರಾಕ್ಷಿ ಗೋಡಂಬಿ ಧಾರಾಳವಾಗಿದ್ದವು. ಅಷ್ಟು ಗೋಡಂಬಿ ತಿಂದ ಮೇಲೆ ನಮ್ಮ ಊರಿನ ಜನ ಯಾರ ಮೇಲೂ ಅನುಮಾನ ಪಡುವುದಿಲ್ಲ. ಆಮೇಲೆ ಎಲ್ಲರೂ ತಂತಮ್ಮ ಬಾಟಲಿ ಹಿಡಿದು, ಡಾಕ್ಟರ ಹತ್ತಿರ ಬಂದವರ ಹಾಗೆ, ಕುರ್ಚಿಗಳಲ್ಲಿ ಸಾಲಾಗಿ ಕುಳಿತರು.

ವೇದಿಕೆಯ ಮೇಲೆ ಟೈ ಕಟ್ಟಿದ ಯುವಕ. ಅವನೆದುರು ಎರಡು ಗಾಜಿನ ಲೋಟ. ಒಂದರಲ್ಲಿ ಭಾವನವರು ತಂದ ನಮ್ಮ ಮನೆಯ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಅವನ ಕಂಪನಿಯ ಮೆಷಿನ್ನಿನ ನೀರು. ಎರಡೂ ನೋಡಲು ಒಂದೇ ಥರ. ಅವನು ಲೋಹದ ಕಡ್ಡಿಗಳಿದ್ದ ಒಂದು ಪೆಟ್ಟಿಗೆಯನ್ನು ಎರಡೂ ಲೋಟದ ಮೇಲೆ ಕೂರಿಸಿ, ಕರೆಂಟ್ ಕೊಟ್ಟ. ಎರಡು ನಿಮಿಷ ಆಗಿರಲಿಕ್ಕಿಲ್ಲ. ನಮ್ಮ ಮನೆಯ ನೀರಿನಲ್ಲಿ ಗುಳ್ಳೆ ಎದ್ದಿತು, ಹಸಿರು ಬಣ್ಣ ಬಂತು, ಆಮೇಲೆ ಕಂದು ಬಗ್ಗಡ. ಕೊನೆಗೆ ಕೊಟ್ಟಿಗೆ ತೊಳೆದ ನೀರಿನ ಹಾಗೆ ಕಾಣತೊಡಗಿತು. ಕಂಪನಿಯ ನೀರು ಮಾತ್ರ ಹಾಗೇ ತಿಳಿಯಾಗಿತ್ತು.

“ನೀವು ದಿನಾ ಮಕ್ಕಳಿಗೆ ಕುಡಿಸ್ತಿರೋದು ಇದನ್ನೇ,” ಎಂದು ಅವನು ಮೆಲ್ಲಗೆ, ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದ.

ಭಾವನವರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. ಸಭೆಯಲ್ಲಿ ಒಬ್ಬರು ತಾವು ತಂದ ಬಾಟಲಿಯನ್ನು ಕುರ್ಚಿಯ ಕೆಳಗೆ ಸರಿಸಿದರು.

ನನಗೆ ನಗು ಬಂತು. ಆ ಕಡ್ಡಿಗಳು ಕಬ್ಬಿಣದವು. ಪರಮಾಣುವಿನ ನಡುವೆ ಎಷ್ಟು ಪ್ರೋಟಾನುಗಳಿರುತ್ತವೆಯೋ ಸುತ್ತಲೂ ಅಷ್ಟೇ ಎಲೆಕ್ಟ್ರಾನುಗಳಿರುತ್ತವೆ. ಇವು ಪ್ಲಸ್, ಅವು ಮೈನಸ್, ಒಟ್ಟಿಗೆ ಸೊನ್ನೆ. ಕರೆಂಟ್ ಹರಿದಾಗ ಕಡ್ಡಿಯಲ್ಲಿರುವ ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಮೈನಸ್ ಎರಡು ಕಮ್ಮಿಯಾದರೆ ಪ್ಲಸ್ ಎರಡು ಹೆಚ್ಚು. ಹೀಗೆ ವಿದ್ಯುದಾವೇಶ ಹೊತ್ತ ಪರಮಾಣುವಿಗೇ ಅಯಾನು ಎಂದು ಹೆಸರು. ಅಯಾನಾದ ಕಬ್ಬಿಣ ಕಡ್ಡಿಯನ್ನು ಬಿಟ್ಟು ನೀರಿಗಿಳಿಯುತ್ತದೆ, ನೀರಿನಲ್ಲಿ ತುಕ್ಕಾಗುತ್ತದೆ. ಆ ಬಗ್ಗಡ ನಮ್ಮ ಬೋರ್‌ವೆಲ್ಲಿನದಲ್ಲ, ಅವನ ಕಡ್ಡಿಯದು. ಕಂಪನಿಯ ನೀರಿನಿಂದ ಲವಣಗಳನ್ನು ತೆಗೆದಿರುವುದರಿಂದ ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಕಡ್ಡಿಯೂ ಕರಗುವುದಿಲ್ಲ. ಒಂಬತ್ತನೇ ತರಗತಿಯ ಮಕ್ಕಳಿಗೂ ಇದು ಗೊತ್ತು, ಗೊತ್ತಿರಬೇಕು.

ಎದ್ದು ನಿಂತೆ. “ಒಂದು ನಿಮಿಷ,” ಅಂದೆ. “ಆ ಕಡ್ಡಿ ಇದೆಯಲ್ಲ...”

ಯುವಕ ನನ್ನ ಕಡೆ ನೋಡಿದ. ಮುಖ ಅರಳಿತು. ಮೈಕ್ ಹಿಡಿದುಕೊಂಡೇ ವೇದಿಕೆಯಿಂದ ಇಳಿದು ಬಂದು, ಎಲ್ಲರೆದುರು ನನ್ನ ಕಾಲು ಮುಟ್ಟಿದ.

“ಇವರು ನನ್ನ ಗುರುಗಳು,” ಎಂದು ಮೈಕಿನಲ್ಲಿ ಹೇಳಿದ. “ಅಯಾನು ಅಂದ್ರೆ ಏನು ಅಂತ ನನಗೆ ಹೇಳಿಕೊಟ್ಟಿದ್ದೇ ನಮ್ಮ ಮಿಸ್. ಇವರ ಋಣ ತೀರಿಸೋಕೆ ನನ್ನಿಂದ ಆಗಲ್ಲ. ಇವತ್ತು ನಾನು ಇಲ್ಲಿ ನಿಂತಿದ್ರೆ ಇವರಿಂದ.”

ಆಗ ಗುರುತು ಸಿಕ್ಕಿತು. ಹತ್ತು ವರ್ಷದ ಹಿಂದೆ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದವನು. ಸೋಡಿಯಂ ಒಂದು ಎಲೆಕ್ಟ್ರಾನನ್ನು ಕೊಟ್ಟು ಧನ ಅಯಾನಾಗುತ್ತದೆ, ಕ್ಲೋರಿನ್ ಅದನ್ನು ತೆಗೆದುಕೊಂಡು ಋಣ ಅಯಾನಾಗುತ್ತದೆ ಎಂದು ನಾನು ಬೋರ್ಡಿನ ಮೇಲೆ ಬರೆದಾಗ, “ಕೊಟ್ಟೋನು ಮೈನಸ್ ಆಗ್ಬೇಕಲ್ವಾ ಮಿಸ್, ಪ್ಲಸ್ ಹೆಂಗಾಗ್ತಾನೆ?” ಎಂದು ಕೇಳಿದ್ದ. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ. ನಾನು ಆ ದಿನ, “ಪುಸ್ತಕದಲ್ಲಿ ಹಾಗಿದೆ, ಬರ್ಕೋ” ಅಂದಿದ್ದೆ. ಬಸ್ಸಿನಲ್ಲಿ ಮನೆಗೆ ಬರುವಾಗ ನಾಚಿಕೆಯಾಯಿತು. ಮಾರನೇ ದಿನ ಅವನನ್ನು ನಿಲ್ಲಿಸಿ, “ಬಿಟ್ಟುಹೋದದ್ದೇ ಮೈನಸ್ ಕಣಪ್ಪ, ಮೈನಸ್ ಹೋದ್ರೆ ಉಳಿಯೋದು ಪ್ಲಸ್ಸೇ. ಇನ್ನೂ ಸುಲಭವಾಗಿ ನೆನಪಿಟ್ಕೋ, ಈಸ್ಕೊಂಡವನ ಮೇಲೆ ಋಣ ಇರುತ್ತೆ,” ಎಂದು ಹೇಳಿಕೊಟ್ಟಿದ್ದೆ. ಅದನ್ನು ಅವನು ಮರೆತಿರಲಿಲ್ಲ. ಕಲಿಸಿದ್ದು ಮರೆಯದ ವಿದ್ಯಾರ್ಥಿಗಳು ಹೆಚ್ಚು ಸಿಗುವುದಿಲ್ಲ. ಸಿಕ್ಕಾಗ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಅಷ್ಟರಲ್ಲಿ ಶಾಲು ಬಂತು. ಹಣ್ಣಿನ ಬುಟ್ಟಿ ಬಂತು. ಕಂಪನಿಯ ಹಿರಿಯರೊಬ್ಬರು ಬಂದು ಕೈಮುಗಿದರು. ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಭಾವನವರು. ಕಡ್ಡಿಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ಪ್ರೀತಿಯಿಂದ ಮರ್ಯಾದೆ ಮಾಡುವಾಗ ಹುಡುಗನ ಮಾನ ತೆಗೆಯುವುದು ಹೇಗೆ, ಆಮೇಲೆ ಒಬ್ಬನೇ ಸಿಕ್ಕಾಗ ಹೇಳೋಣ ಎಂದುಕೊಂಡೆ. ಹೀಗೆ ನಾನು ನನಗೇ ಹೇಳಿಕೊಂಡ ನೆಪ ಬಹಳ ಸಭ್ಯವಾಗಿತ್ತು. ನಿಜ ಏನೆಂದರೆ, ಶಾಲು ಮೆತ್ತಗಿತ್ತು.

ಮೂರನೇ ದಿನ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ನೀಲಿ ದೀಪದ ಮೆಷಿನ್ ಕೂತಿತು. ಅಷ್ಟು ಹೊತ್ತಿಗಾಗಲೇ ಶಾಲು ಹೊದ್ದ ನನ್ನ ಫೋಟೋ ಊರಿನ ಎಲ್ಲ ವಾಟ್ಸ್ಯಾಪ್ ಗುಂಪುಗಳಿಗೂ ಹೋಗಿತ್ತು. ಕೆಳಗೆ ‘ವಿಜ್ಞಾನ ಶಿಕ್ಷಕಿಯೇ ಮೆಚ್ಚಿದ ನೀರು’ ಎಂಬ ಬರಹ. ಶಾಲೆಯಲ್ಲಿ ಹೆಡ್‌ಮಾಸ್ತರರು ಕರೆದು, “ಮೇಡಂ, ಅವರಿಗೆ ನೀವು ಬೇಕಾದೋರಂತೆ. ನಮ್ಮ ಶಾಲೆಗೂ ಒಂದು ಮೆಷಿನ್ ದಾನ ಕೊಡ್ಸಿ. ಉದ್ಘಾಟನೆ ನಾನು ನೋಡ್ಕೋತೀನಿ,” ಅಂದರು.

ಇದನ್ನೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಬಸ್ಸಿನಲ್ಲಿ ಆಯಿತು. ದಿನಾ ನನ್ನ ಪಕ್ಕ ಕೂತು ಹೂವು ಕಟ್ಟುತ್ತಾ ಬರುವ ಹೆಂಗಸೊಬ್ಬಳು, “ಟೀಚರ್, ನೀವು ಚಲೋ ಐತೆ ಅಂದ್ರಂತಲ್ಲ, ನಾವೂ ಹಾಕಿಸೀವಿ ನೋಡ್ರಿ. ಈ ಸಲ ಕಿವಿ ಓಲೆ ಮಾಡಿಸ್ಬೇಕು ಅಂತಿದ್ದೆ, ಇರ್ಲಿ ಬಿಡ್ರಿ, ನೀರು ದೊಡ್ಡದು,” ಅಂದಳು.

ನಾನು ಕಿಟಕಿಯ ಕಡೆ ಮುಖ ಮಾಡಿದೆ. ಅವಳ ಕಿವಿ ನೋಡಲು ಧೈರ್ಯ ಬರಲಿಲ್ಲ.

ಆ ಭಾನುವಾರ ಮನೆಯಲ್ಲೇ ಪ್ರಯೋಗ ಮಾಡುವುದೆಂದು ತೀರ್ಮಾನಿಸಿದೆ. ಶಾಲೆಯಿಂದ ಒಂಬತ್ತು ವೋಲ್ಟಿನ ಬ್ಯಾಟರಿ, ವೈರು ತಂದೆ. ಎರಡು ದೊಡ್ಡ ಕಬ್ಬಿಣದ ಮೊಳೆಗಳು ಮನೆಯಲ್ಲೇ ಇದ್ದವು. ಮಧ್ಯಾಹ್ನ ಊಟವಾದ ಮೇಲೆ ಭಾವನವರು, ಅತ್ತೆ, ಯಜಮಾನರು ಮೂವರನ್ನೂ ಕೂರಿಸಿಕೊಂಡೆ.

ಮೊದಲು ಮೆಷಿನ್ನಿನ ನೀರನ್ನೇ ಒಂದು ಲೋಟಕ್ಕೆ ಹಿಡಿದು, ಒಂದು ಚಿಟಿಕೆ ಉಪ್ಪು ಹಾಕಿ, ಮೊಳೆಗಳನ್ನು ಇಳಿಬಿಟ್ಟು ಬ್ಯಾಟರಿಗೆ ಜೋಡಿಸಿದೆ. ಸ್ವಲ್ಪ ಹೊತ್ತಿಗೆ ಕಂಪನಿಯ ನೀರಿಗೂ ಅದೇ ಹಸಿರು ಬಣ್ಣ ಬಂತು, ಆಮೇಲೆ ಅದೇ ಕಂದು ಬಗ್ಗಡ.

“ನೋಡಿದ್ರಾ ಭಾವ, ಮೆಷಿನ್ ನೀರಲ್ಲೂ ಬಂತು,” ಅಂದೆ.

“ಬರ್ದೆ ಏನಾಗ್ತತವ್ವ,” ಅಂದರು ಭಾವನವರು. “ಚಲೋ ನೀರಿಗೆ ಉಪ್ಪು ಹಾಕಿ ನೀನೇ ಕೆಡಿಸಿದ್ದೀಯ. ಉಪ್ಪು ಅಂದ್ರೆ ಬಿ.ಪಿ. ಅಂತ ಡಾಕ್ಟ್ರೇ ಹೇಳ್ತಾರಲ್ಲ, ಅದು ಹೆಂಗ್ ಬರ್ತತಿ ಅಂತ ಇವತ್ತು ಗೊತ್ತಾತು.”

ಯಜಮಾನರು ನಕ್ಕರು. ಯಾರ ಪರವಾಗಿ ನಕ್ಕರೆಂದು ತಿಳಿಯಲಿಲ್ಲ.

ನಾನು ಬಿಡಲಿಲ್ಲ. ಬೋರ್‌ವೆಲ್ ನೀರು ತಂದೆ. ಈ ಸಲ ಮೊಳೆಯ ಬದಲು ಎರಡು ಪೆನ್ಸಿಲ್. ಎರಡೂ ತುದಿ ಹೆರೆದು, ಮೇಲಿನ ತುದಿಗೆ ವೈರು ಸುತ್ತಿ, ಕೆಳಗಿನ ತುದಿಯನ್ನು ನೀರಿನಲ್ಲಿ ಅದ್ದಿದೆ. ಪೆನ್ಸಿಲ್ಲಿನ ಕಪ್ಪು ಕಡ್ಡಿ ಗ್ರಾಫೈಟು. ಅದು ಕಬ್ಬಿಣದ ಹಾಗೆ ಅಯಾನಾಗಿ ನೀರಿಗಿಳಿಯುವುದಿಲ್ಲ. ಸಣ್ಣ ಗುಳ್ಳೆಗಳು ಎದ್ದವು, ಅಷ್ಟೇ. ಹತ್ತು ನಿಮಿಷ ಕಾದೆವು. ನೀರು ತಿಳಿಯಾಗೇ ಇತ್ತು.

“ಈಗ ಹೇಳಿ ಭಾವ. ಅದೇ ಬೋರ್‌ವೆಲ್ ನೀರು. ಕಬ್ಬಿಣ ಇಲ್ಲ, ಬಗ್ಗಡವೂ ಇಲ್ಲ. ಇದರಿಂದ ಏನು ಗೊತ್ತಾಯ್ತು?”

ಭಾವನವರು ಲೋಟವನ್ನು ಎತ್ತಿ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಮುಖದಲ್ಲಿ ಗಂಭೀರವಾದ ಸಂತೋಷ ಮೂಡಿತು.

“ಪೆನ್ಸಿಲ್ ಹಾಕಿದ್ರೆ ನೀರು ಕ್ಲೀನ್ ಆಗ್ತತಿ ಅಂತ ಗೊತ್ತಾತು,” ಅಂದರು.

ಅತ್ತೆ ಓದಿದ್ದು ಮೂರನೇ ಇಯತ್ತೆ. ಮೊದಲಿನ ಲೋಟದಿಂದ ಒಂದು ಮೊಳೆಯನ್ನು ತೆಗೆದು ಸೆರಗಿನಿಂದ ಒರೆಸಿ, ಉಗುರಿನಿಂದ ಕೆರೆದು ನೋಡುತ್ತಿದ್ದರು.

“ಇದು ಸವದೈತೆ ಕಣವ್ವ,” ಅಂದರು. “ಹಳೇ ಬಾವಿ ರಾಟೆ ಮೊಳೆ ಹಿಂಗೇ ಆಗಿತ್ತು. ನೀರಾಗಿರೋದು ಇದರ ತುಕ್ಕು ಅಲ್ಲೇನು?”

“ಅದೇ ಅತ್ತೆ, ಅಷ್ಟೇ,” ಅಂದೆ. ಇಪ್ಪತ್ತು ವರ್ಷ ನಾನು ಅರ್ಧ ಬೋರ್ಡು ತುಂಬ ಬರೆಯುತ್ತಿದ್ದುದನ್ನು ಅವರು ಉಗುರಿನಲ್ಲಿ ಕೆರೆದು ತಿಳಿದುಕೊಂಡಿದ್ದರು. ಭಾವನವರು ಮಾತ್ರ, “ಅವ್ವಂಗೆ ಸೈನ್ಸ್ ಗೊತ್ತಾಗಲ್ಲ, ಬಿಡು,” ಎಂದು ಎದ್ದು ಪೇಟೆ ಕಡೆ ಹೋದರು. ಬರುವಾಗ ಒಂದು ಡಬ್ಬಿ ಪೆನ್ಸಿಲ್ ತಂದರು.

ಮಾರನೇ ದಿನದಿಂದ ಮೆಷಿನ್ನಿನ ನೀರನ್ನು ಹಿಡಿದಿಡುವ ಸ್ಟೀಲ್ ಕೊಡದಲ್ಲಿ ಹೆರೆದ ಪೆನ್ಸಿಲ್ಲುಗಳು ತೇಲತೊಡಗಿದವು. ಡಬಲ್ ಶುದ್ಧಿ ಎಂದು ಭಾವನವರು ಅದಕ್ಕೆ ಹೆಸರಿಟ್ಟರು. ಒಂದು ವಾರದಲ್ಲಿ ಆ ಮಾತು ಸಂತೆಗೂ ಹೋಯಿತು. ಬಸ್ಸಿನಲ್ಲಿ ಹೂವಿನವಳು, “ಟೀಚರ್, ಕೆಂಪು ಪೆನ್ಸಿಲ್ಲೋ ಕಪ್ಪೋ?” ಎಂದು ಕೇಳಿದಳು. ನಾನು ಅವಳಿಗೆ ಅಲ್ಲೇ, ಬಸ್ಸಿನ ಸದ್ದಿನಲ್ಲೇ, ಕಡ್ಡಿ, ಕಬ್ಬಿಣ, ತುಕ್ಕು ಎಲ್ಲವನ್ನೂ ಬಿಡಿಸಿ ಹೇಳಿದೆ. ಶಾಲು ಹೊದ್ದುಕೊಂಡು ಸುಮ್ಮನೆ ಕೂತದ್ದನ್ನೂ ಹೇಳಿದೆ. ಅವಳು ಹೂವು ಕಟ್ಟುವುದನ್ನು ನಿಲ್ಲಿಸಿ ಕೇಳಿದಳು.

“ಆವತ್ತೇ ಹೇಳ್ಬಾರ್ದಿತ್ತೇನ್ರಿ ಮತ್ತೆ,” ಎಂದಷ್ಟೇ ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಅಂದು ಮಧ್ಯಾಹ್ನ ಸ್ಟಾಫ್ ರೂಮಿನಿಂದ ಯುವಕನಿಗೆ ಫೋನ್ ಮಾಡಿದೆ. ಮಾರನೇ ದಿನ ಬೆಳಿಗ್ಗೆಯೇ ಬೈಕಿನಲ್ಲಿ ಶಾಲೆಗೆ ಬಂದ. ಟೈ ಹಾಗೇ ಇತ್ತು, ಕಡ್ಡಿಯ ಪೆಟ್ಟಿಗೆ ಬೈಕಿನ ಹಿಂದಿತ್ತು.

“ಆ ಕಡ್ಡಿ ಕಬ್ಬಿಣದ್ದು ಅಂತ ನಿನಗೆ ಗೊತ್ತಿಲ್ವಾ?” ಎಂದು ಕೇಳಿದೆ.

“ಗೊತ್ತು ಮಿಸ್,” ಅಂದ ಸಲೀಸಾಗಿ. “ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಅಯಾನು ಆಗತ್ತೆ. ನೀವೇ ಹೇಳಿಕೊಟ್ಟಿದ್ದಲ್ವಾ. ಟ್ರೇನಿಂಗ್‌ನಲ್ಲಿ ನಮ್ಮ ಬ್ಯಾಚಲ್ಲಿ ಇದು ಗೊತ್ತಿದ್ದೋನು ನಾನೊಬ್ಬನೇ. ಅದಕ್ಕೇ ನನ್ನನ್ನ ಟೀಮ್ ಲೀಡರ್ ಮಾಡಿದ್ರು.”

“ಗೊತ್ತಿದ್ದೂ ಜನರ ಹತ್ರ ಸುಳ್ಳು ಹೇಳ್ತೀಯಲ್ಲ.”

“ಇಲ್ಲ ಮಿಸ್. ನೀವು ಕುಡಿಯೋದು ಇದೇ ಅಂತೀನಿ, ಲೋಟ ತೋರಿಸ್ತೀನಿ. ಬಣ್ಣ ಎಲ್ಲಿಂದ ಬಂತು ಅಂತ ನಾನೂ ಹೇಳಲ್ಲ, ಅವರೂ ಕೇಳಲ್ಲ.” ಟೈ ಸಡಿಲಿಸಿಕೊಂಡು, “ಆವತ್ತು ನೀವು ಕೇಳ್ತೀರ ಅನ್ಕೊಂಡಿದ್ದೆ. ಎದೆ ಡವಡವ ಅಂತಿತ್ತು,” ಅಂದ.

ಅವನು ನನ್ನನ್ನು ಚುಚ್ಚಲು ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ.

“ಹಾಗಾದ್ರೆ ಒಂದು ಕೆಲಸ ಮಾಡು,” ಅಂದೆ. “ಈಗ ಒಂಬತ್ತನೇ ಕ್ಲಾಸಿಗೆ ಬಂದು ಅದೇ ಪ್ರಯೋಗ ಮಾಡಿ ತೋರಿಸು. ಬಣ್ಣ ಎಲ್ಲಿಂದ ಬಂತು ಅಂತಲೂ ಹೇಳು.”

ಒಪ್ಪಲಿಕ್ಕಿಲ್ಲ ಅಂದುಕೊಂಡಿದ್ದೆ. ಕೂಡಲೇ ಒಪ್ಪಿದ. “ಮಕ್ಕಳು ಹೆಂಗೂ ಮೆಷಿನ್ ತಗಳಲ್ವಲ್ಲ ಮಿಸ್,” ಅಂದ.

ಅವನು ಪಾಠ ಮಾಡಿದ್ದನ್ನು ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿ ಮಾಡಿದ. ಮಕ್ಕಳನ್ನೇ ಎಬ್ಬಿಸಿ ನಿಲ್ಲಿಸಿ, ಸೋಡಿಯಮ್ಮಿಗೆ ಹನ್ನೊಂದು ಪ್ರೋಟಾನು, ಹನ್ನೊಂದು ಎಲೆಕ್ಟ್ರಾನು ಎಂದು ಎಣಿಸಿ, ಕೊನೆಯ ಎಲೆಕ್ಟ್ರಾನಾಗಿ ನಿಂತವಳನ್ನು ಕ್ಲೋರಿನ್ನಿನ ಗುಂಪಿಗೆ ಕಳಿಸಿದ. ಸೋಡಿಯಂ ಕಡೆ ಈಗ ಪ್ರೋಟಾನು ಒಂದು ಹೆಚ್ಚು, ಆದ್ದರಿಂದ ಪ್ಲಸ್. ಕ್ಲೋರಿನ್ ಕಡೆ ಹದಿನೇಳಕ್ಕೆ ಹದಿನೆಂಟು ಎಲೆಕ್ಟ್ರಾನು, ಆದ್ದರಿಂದ ಮೈನಸ್. ಆಮೇಲೆ ಲೋಟ, ಕಡ್ಡಿ, ಕರೆಂಟು. ನೀರು ಕಂದಾಯಿತು. ಕಡ್ಡಿಯನ್ನು ತೆಗೆದು ಎಲ್ಲರ ಕೈಗೂ ಕೊಟ್ಟು, ಸವೆದ ಜಾಗ ತೋರಿಸಿದ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಅಣ್ಣ, ನೀವು ನಮ್ಮ ಮನೆಗೆ ಬಂದು ಇದನ್ನೇ ಮಾಡಿದ್ರಿ. ಆಗ ಅಪ್ಪಂಗೆ ಯಾಕೆ ಕಡ್ಡಿ ಕೊಟ್ಟು ತೋರಿಸ್ಲಿಲ್ಲ?” ಎಂದಳು.

ಅವನು ಕಡ್ಡಿಗಳನ್ನು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟ. “ನಿಮ್ಮ ಅಪ್ಪ ಕೇಳ್ಲಿಲ್ವಲ್ಲ ಪುಟ್ಟ,” ಅಂದ. ನಂತರ ಗಡಿಯಾರ ನೋಡಿ, ಮಧ್ಯಾಹ್ನ ತೊಗರ್ಸಿಯಲ್ಲಿ ಪ್ರೋಗ್ರಾಂ ಇದೆ ಎಂದು ನನಗೆ ನಮಸ್ಕಾರ ಮಾಡಿ ಬೈಕ್ ಹತ್ತಿದ.

ಆ ಹುಡುಗಿಯ ಅಪ್ಪ ಅಂದೇ ಸಂಜೆ ಅವನಿಗೆ ಫೋನ್ ಮಾಡಿ ಕಡ್ಡಿಯ ವಿಷಯ ಕೇಳಿದರಂತೆ. ಮುಂದಿನ ವಾರ ನಮ್ಮ ಶಾಲೆಯ ಕಡೆಯ ಊರೊಂದರ ಸಮುದಾಯ ಭವನದಲ್ಲಿ ಕಂಪನಿಯ ಕಾರ್ಯಕ್ರಮವಿತ್ತು. ನಾನೂ ಹೋದೆ. ಈ ಸಲ ಶಾಲು ಬರುವ ಮೊದಲೇ ಮಾತಾಡಬೇಕೆಂದು ಮುಂದಿನ ಕುರ್ಚಿಯಲ್ಲೇ ಕೂತಿದ್ದೆ. ನನಗೆ ಆ ಕಷ್ಟವೂ ಬರಲಿಲ್ಲ. ನೀರು ಕಂದಾಗುತ್ತಿದ್ದ ಹಾಗೆ, ಅಪ್ಪ ಅಮ್ಮಂದಿರ ಪಕ್ಕ ಕೂತಿದ್ದ ನನ್ನ ಇಡೀ ಒಂಬತ್ತನೇ ತರಗತಿ ಒಕ್ಕೊರಲಿನಿಂದ, ಪರೀಕ್ಷೆಗೆ ಉತ್ತರ ಒಪ್ಪಿಸುವ ರಾಗದಲ್ಲಿ, “ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಧನ ಅಯಾನು ಆಗುತ್ತದೆ,” ಎಂದು ಹೇಳಿತು. ಕೆಲವರು ಎದ್ದು ಕಡ್ಡಿ ತೋರಿಸಿ ಅಂದರು. ಕಡ್ಡಿ ಕೈಯಿಂದ ಕೈಗೆ ಹೋಯಿತು. ಕಂಪನಿಯ ಹಿರಿಯರು ನನ್ನ ಕಡೆ ನೋಡಿದ ನೋಟದಲ್ಲಿ ಕೈಮುಗಿಯುವ ಸೂಚನೆ ಇರಲಿಲ್ಲ. ಜನ ಉಪ್ಪಿಟ್ಟು ಮುಗಿಸಿ, ತಮ್ಮ ಬಾಟಲಿಯ ನೀರನ್ನೇ ಕುಡಿದು ಮನೆಗೆ ಹೋದರು.

ಹೂವಿನವಳು ಮೆಷಿನ್ ವಾಪಸ್ ಕೊಡಲು ಹೋದಾಗ ಕಂಪನಿಯವರು ಮೊದಲು ಒಪ್ಪಲಿಲ್ಲ. ನಾನೂ ಜೊತೆಗೆ ಹೋಗಿ, ನನ್ನ ಫೋಟೋ ಹಾಕಿದ್ದಕ್ಕೆ ದೂರು ಕೊಡುತ್ತೇನೆ ಎಂದ ಮೇಲೆ ತೆಗೆದುಕೊಂಡರು. ನಮ್ಮ ಮನೆಯದು ಹಾಗೇ ಇದೆ. ವಾಪಸ್ ಕೊಡೋಣವೆಂದರೆ ಭಾವನವರು, “ಮನೆಗೆ ಬಂದಿದ್ದನ್ನ ಕಳಸ್ಬಾರ್ದು,” ಎನ್ನುತ್ತಾರೆ. ನೀರು ನಿಜಕ್ಕೂ ಕೆಟ್ಟದ್ದೇನಲ್ಲ, ಸ್ವಲ್ಪ ಸಪ್ಪೆ. ಅತ್ತೆ ಮಾತ್ರ ಬೋರ್‌ವೆಲ್ ನೀರನ್ನೇ ಕುಡಿಯುತ್ತಾರೆ.

ಮಳೆಗಾಲ ಕಳೆದ ಮೇಲೆ ಅದೇ ಯುವಕ ಒಂದು ದಿನ ಮನೆಗೇ ಬಂದ. ಟೈ ಇರಲಿಲ್ಲ, ಹಣೆಗೆ ವಿಭೂತಿ, ಕೈಯಲ್ಲಿ ಫಳಫಳ ಹೊಳೆಯುವ ತಾಮ್ರದ ಬಿಂದಿಗೆ. ಹಳೇ ಕೆಲಸ ಬಿಟ್ಟೆ ಮಿಸ್, ಈಗ ಇದು ಎಂದ. ಭಾವನವರು ಆಗಲೇ ಕುರ್ಚಿ ಎಳೆದುಕೊಂಡು ಹತ್ತಿರ ಬಂದಿದ್ದರು.

“ಇದರಲ್ಲಿ ನೀರಿಟ್ಟರೆ ಏನಾಗುತ್ತೆ ಹೇಳು ನೋಡೋಣ,” ಅಂದೆ.

“ತಾಮ್ರದ ಪರಮಾಣು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಅಯಾನಾಗಿ ಒಂಚೂರು ನೀರಿಗೆ ಬರತ್ತೆ ಮಿಸ್. ಆರೋಗ್ಯಕ್ಕೆ ಭಾಳ ಒಳ್ಳೇದು.”

“ಕಬ್ಬಿಣದ್ದು ಬಂದಾಗ ವಿಷ ಅಂದಿದ್ದೆ. ತಾಮ್ರದ್ದು ಬಂದ್ರೆ ಅಮೃತವಾ?”

ಅವನು ನಾಚಿಕೊಂಡು ನಕ್ಕ. “ಇದು ಬೇರೆ ಕಂಪನಿ ಮಿಸ್,” ಅಂದ.

ಭಾವನವರು ಎರಡು ಬಿಂದಿಗೆ ಇರಲಿ ಅಂದರು. ನಾನು ಒಳಗೆ ಹೋಗಿ ಅವನಿಗೆ ಕಾಫಿ ಮಾಡಿದೆ.